ಮ್ಯಾನುವಲ್ ಇಲ್ಲದ ಮೂರು ಮೆಷಿನ್: ಯಾವ ದಾರಿಯಲ್ಲಿ ಏನು ಸಿಕ್ಕಿತು

ಪೆರ್ಲದ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಮರದ ಕೆಲಸದ ಮೂರು ಹಳೇ ಮೆಷಿನ್ ಇವೆ. ಒಂದು ಎಲು ಕಂಪೆನಿಯ ಎಂಒಎಫ್ 96 ರೂಟರ್ (ಮರದಲ್ಲಿ ತೋಡು ಕೊರೆಯುವ ಮೆಷಿನ್), ಮಾವ ದುಬೈ ಬಿಟ್ಟು ಬರುವಾಗ ತಂದದ್ದು. ಎರಡನೆಯದು 6 ಇಂಚಿನ ರಾಕ್‌ವೆಲ್ ಜಾಯಿಂಟರ್ (ಹಲಗೆಯ ಮುಖ, ಅಂಚು ಕೀಸಿ ನೇರ ಮಾಡುವಂಥದ್ದು), ಮುಚ್ಚಿಹೋದ ಒಂದು ತರಬೇತಿ ಕೇಂದ್ರದ ಹರಾಜಿನಲ್ಲಿ ಸಿಕ್ಕಿದ್ದು. ಮೂರನೆಯದು ನಮ್ಮ ದೇಶದ್ದೇ ಪ್ಲೇನರ್, ಮಾಡಿದ ಕಂಪೆನಿ ಈಗ ಇಲ್ಲ. ಮೂರಕ್ಕೂ ಮ್ಯಾನುವಲ್ ಇರಲಿಲ್ಲ. ಕಳೆದ ಮಳೆಗಾಲ ಅದನ್ನು ಹುಡುಕುವುದರಲ್ಲೇ ಹೋಯಿತು.

ಯಾವ ದಾರಿ ಹಿಡಿದರೂ ಮೊದಲು ಬೇಕಾದದ್ದು ಮಾಡೆಲ್ ನಂಬರ್. ಜಾಯಿಂಟರಿನಲ್ಲಿ ನಂಬರ್ ಕೊರೆದ ತಗಡಿನ ಮೇಲೆ ಯಾರೋ ಹಸಿರು ಪೈಂಟ್ ಬಳಿದುಬಿಟ್ಟಿದ್ದರು. ಥಿನ್ನರ್ ಹಾಕಿದ ಬಟ್ಟೆಯಲ್ಲಿ ಮೆಲ್ಲ ಒರೆಸಿದೆ. ಆಮೇಲೆ ಕಾಗದ ಇಟ್ಟು ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿದೆ, ಚಿಕ್ಕವರಿದ್ದಾಗ ನಾಣ್ಯದ ಅಚ್ಚು ತೆಗೆಯುತ್ತಿದ್ದೆವಲ್ಲ, ಹಾಗೆ. ಕಣ್ಣಿಗೆ 3 ಅಂತ ಕಂಡದ್ದು ಕಾಗದದಲ್ಲಿ 8 ಆಗಿತ್ತು! ಎರಡು ದಿನ ತಪ್ಪು ನಂಬರಿನಲ್ಲೇ ಹುಡುಕಿದ್ದೆ.

ರೂಟರಿಗೆ ಮೊದಲು ಹೋದದ್ದು ಮಂಗಳೂರಿನ ಒಂದು ಸರ್ವಿಸ್ ಸೆಂಟರಿಗೆ. ಕೌಂಟರಿನ ಹುಡುಗ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಸರ್, ಇಂಥ ಕಂಪೆನಿಯೇ ಇಲ್ಲ" ಎಂದ. ಅವನದ್ದೂ ಅರ್ಧ ಸತ್ಯ. ಎಲುವನ್ನು 1984ರಲ್ಲಿ ಬ್ಲ್ಯಾಕ್ ಆಂಡ್ ಡೆಕ್ಕರ್ ಕೊಂಡುಕೊಂಡಿತು. ಆಮೇಲೆ ಅದೇ ರೂಟರ್ ಹಳದಿ ಬಣ್ಣದಲ್ಲಿ ಡಿವಾಲ್ಟ್ ಡಿಡಬ್ಲ್ಯೂ 613 ಆಗಿ ಬಂತು. ಹೊಸ ಹೆಸರು ಗೊತ್ತಾದ ಮೇಲೆ ಹತ್ತು ನಿಮಿಷದಲ್ಲಿ ಪಿಡಿಎಫ್ ಕೈಗೆ ಬಂತು. ಹಾಗಾಗಿ ನನ್ನ ಲೆಕ್ಕದಲ್ಲಿ ಸರ್ವಿಸ್ ಸೆಂಟರಿಗಿಂತ 'ಈ ಕಂಪೆನಿಯನ್ನು ಆಮೇಲೆ ಯಾರು ಕೊಂಡರು' ಎಂದು ಹುಡುಕುವ ದಾರಿಯೇ ಒಳ್ಳೆಯದು. ಬಸ್ ಚಾರ್ಜೂ ಉಳಿಯುತ್ತದೆ.

ಆ ಪಿಡಿಎಫ್‌ನಲ್ಲಿ ಕೆಲಸಕ್ಕೆ ಬಂದದ್ದು ಬಳಸುವ ವಿಧಾನದ ಪುಟಗಳಲ್ಲ. ಬಿಡಿಭಾಗಗಳನ್ನು ಒಂದೊಂದಾಗಿ ಬಿಡಿಸಿ ತೋರಿಸುವ ಚಿತ್ರ ಇರುತ್ತದಲ್ಲ, ಅದು. ನಾನು 6 ಮಿ.ಮೀ. ಬಿಟ್ (ಕೊರೆಯುವ ಅಲಗು) ಹಾಕಿ ಹಲಸಿನ ಹಲಗೆಗೆ ಗಾಡಿ, ಅಂದರೆ ಉದ್ದ ತೋಡು, ಕೊರೆಯುವಾಗ ಬಿಟ್ ಮೆಲ್ಲ ಜಾರಿ ಕೆಳಗಿಳಿಯುತ್ತಿತ್ತು, ಗಾಡಿಯ ಒಂದು ತುದಿ ಆಳ, ಇನ್ನೊಂದು ತುದಿ ತೆಳು. ಪಾರ್ಟ್ಸ್ ಪಟ್ಟಿಯಲ್ಲಿ ಬಿಟ್ಟನ್ನು ಬಿಗಿಹಿಡಿಯುವ ಕೊಲೆಟ್‌ಗಳನ್ನು ಅಳತೆಗೊಂದರಂತೆ ಬೇರೆ ಬೇರೆ ಕೊಟ್ಟದ್ದು ನೋಡಿದಾಗ ತಲೆಗೆ ಹೋಯಿತು. ಮಾವನ ಮೆಷಿನ್‌ನಲ್ಲಿದ್ದದ್ದು ಕಾಲು ಇಂಚಿನದ್ದು, ಅಂದರೆ 6.35 ಮಿ.ಮೀ. ಎಷ್ಟು ಬಿಗಿದರೂ 6ರ ಬಿಟ್ ನಿಲ್ಲುವುದಿಲ್ಲ. ಹಾರಿ ಕೈಗೆ ಬೀಳದ್ದು ಪುಣ್ಯ.

ಜಾಯಿಂಟರಿಗೆ ಎರಡು ದಾರಿ ನೋಡಿದೆ. ಮೊದಲು ದುಡ್ಡು ಕೊಟ್ಟು ಪಿಡಿಎಫ್ ತರಿಸಿದೆ. ಮಾರಿದವರ ಹೆಸರು ಬೇಡ. ಅದು ಬರೀ ಒಂದು ಬ್ರೋಶರ್, ಅದೂ ಬೇರೆ ಮಾಡೆಲಿನದ್ದು. ಆಮೇಲೆ ವಿಂಟೇಜ್ ಮೆಷಿನರಿ ಎಂಬ ತಾಣ ಗೊತ್ತಾಯಿತು. ಹಳೇ ಮೆಷಿನ್‌ಗಳ ಮೇಲೆ ಪ್ರೀತಿ ಇರುವವರು ಸ್ಕ್ಯಾನ್ ಮಾಡಿ ಅಲ್ಲಿ ಸುಮ್ನೆ ಹಾಕಿದ್ದಾರೆ. ಅಮೆರಿಕದ ಕಂಪೆನಿಗಳದ್ದು ರಾಶಿ ಇದೆ. ಹುಡುಕುವಾಗ ರಾಕ್‌ವೆಲ್ ಮಾತ್ರವಲ್ಲ, ಡೆಲ್ಟಾ ಅಂತಲೂ ನೋಡಬೇಕು, 1945ರಲ್ಲಿ ಡೆಲ್ಟಾವನ್ನು ರಾಕ್‌ವೆಲ್ ಕೊಂಡಿತ್ತು. ಆಮೇಲೆ ಡೆಲ್ಟಾ ಪೆಂಟೇರ್ ಎಂಬ ಕಂಪೆನಿಯ ಕೈಗೆ ಹೋಯಿತು.

ಆದರೆ ಅಮೆರಿಕದ ಪುಸ್ತಕವನ್ನು ಹಾಗೇ ನಂಬಬೇಡಿ. ಅಲ್ಲಿ ಕರೆಂಟ್ 60 ಹರ್ಟ್ಸ್, ನಮ್ಮಲ್ಲಿ 50. ಅಲ್ಲಿ ನಿಮಿಷಕ್ಕೆ 3450 ಸುತ್ತುವ ಮೋಟರಿನ ಜಾಗದಲ್ಲಿ ನಮ್ಮದು 2880 ಸುತ್ತುತ್ತದೆ. ಪುಸ್ತಕದ ಅಳತೆಯ ಪುಲ್ಲಿಯನ್ನೇ ಹಾಕಿದರೆ ಬ್ಲೇಡಿನ ವೇಗ ಆರರಲ್ಲಿ ಒಂದು ಪಾಲು ಕಡಿಮೆ, ಕೀಸಿದ ಮುಖದಲ್ಲಿ ಅಲೆ ಅಲೆ ಗುರುತು. ಮೋಟರಿಗೆ 5 ಇಂಚಿನ ಪುಲ್ಲಿ ಎಂದು ಬರೆದಿದ್ದರೆ ಇಲ್ಲಿ 6 ಇಂಚಿನದ್ದು ಬೇಕು. ಸೌದಿಯಲ್ಲೂ 60 ಹರ್ಟ್ಸ್, ಅಲ್ಲಿಂದ ಮೆಷಿನ್ ತಂದವರೂ ತಗಡು ನೋಡಿಕೊಳ್ಳಿ. ರೂಟರಿಗೆ ಈ ತಕರಾರಿಲ್ಲ, ಅದು ಬ್ರಶ್ ಮೋಟರ್, ಅದರ ವೇಗ ಹರ್ಟ್ಸ್ ಮೇಲೆ ನಿಂತಿಲ್ಲ.

ಮೂರನೇ ಮೆಷಿನ್‌ಗೆ ಯಾವ ತಾಣದಲ್ಲೂ ಒಂದಕ್ಷರ ಇಲ್ಲ. ಕೊನೆಗೆ ಬದಿಯಡ್ಕ ಕಡೆಯ ಒಬ್ಬ ಆಚಾರಿಯವರನ್ನು ಕರೆಸಿದೆ. "ಆಚಾರ್ರೇ, ಇದರ ಪುಸ್ತಕ ಎಲ್ಲಾದರೂ ನೋಡಿದ್ದೀರಾ?" ಎಂದು ಕೇಳಿದೆ. "ಪುಸ್ತಕ ಓದಿ ಮರ ಕೀಸಿದವರು ಯಾರು ಮಾರಾಯ್ರೆ?" ಎಂದು ನಕ್ಕರು. ಬೇರಿಂಗ್ ಬಿಚ್ಚಿ ಅಂಚು ಒರೆಸಿದರು. 6205 ಅಂತ ಇತ್ತು. ಅಂದರೆ ಒಳ ವ್ಯಾಸ 25, ಹೊರ ವ್ಯಾಸ 52, ದಪ್ಪ 15 ಮಿ.ಮೀ. ಯಾವ ಕಂಪೆನಿಯದ್ದಾದರೂ ಅದೇ ಅಳತೆ, ಅಂಗಡಿಯಲ್ಲಿ ನಂಬರ್ ಹೇಳಿದರೆ ಸಾಕು. ಬೆಲ್ಟ್ ಮೇಲೆ ಬಿ 52 ಅಂತ ಮಾಸಿದ ಅಕ್ಷರ ಇತ್ತು, ಒಳಸುತ್ತು 52 ಇಂಚು.

ಬ್ಲೇಡ್ ಕೂರಿಸಿದ್ದು ನೋಡಬೇಕಿತ್ತು. ಪ್ಲಗ್ ತೆಗೆದರು. ನೇರ ಇರುವ ಒಂದು ರೀಪನ್ನು (ಮರದ ಸಪೂರ ಪಟ್ಟಿ) ಹಿಂದಿನ ಟೇಬಲ್ ಮೇಲೆ ಬ್ಲೇಡಿನವರೆಗೆ ಚಾಚಿ ಇಟ್ಟು, ಪೆನ್ಸಿಲ್ ಗೆರೆ ಎಳೆದರು. ಬ್ಲೇಡ್ ಕೂರಿಸಿದ ರೋಲನ್ನು ಕೈಯಲ್ಲಿ ತಿರುಗಿಸಿದಾಗ ಬ್ಲೇಡಿನ ತುದಿ ರೀಪನ್ನು ಚೂರೇ ಚೂರು ಎಳೆದುಕೊಂಡು ಹೋಯಿತು, 3 ಮಿ.ಮೀ. ಇರಬಹುದು. ಎಲ್ಲಾ ಬ್ಲೇಡೂ, ಎರಡೂ ಕೊನೆಯಲ್ಲಿ, ಅಷ್ಟೇ ಎಳೆಯುವವರೆಗೆ ಬಿಡಲಿಲ್ಲ. ರಾಕ್‌ವೆಲ್ ಪುಸ್ತಕ ಹಿಡಿದು ಒಂದು ವಾರ ಒದ್ದಾಡಿದ ನಾನು, ಅದೇ ರೀಪಿನಲ್ಲಿ ಜಾಯಿಂಟರನ್ನೂ ಅರ್ಧ ಗಂಟೆಯಲ್ಲಿ ಸರಿಮಾಡಿದೆ.

ದುಡ್ಡು ಕೊಟ್ಟು ತರಿಸುವುದನ್ನು ಮಾತ್ರ ನಾನು ಇನ್ನು ಮಾಡುವುದಿಲ್ಲ. ಈಗ ಭಾವನ ಹಿಟಾಚಿ ಕಟ್ಟರಿನ ಸರದಿ. ಆ ಟೂಲ್‌ಗಳ ಹೆಸರು 2018ರಲ್ಲಿ ಹೈಕೋಕಿ ಎಂದಾಗಿದೆ, ಹಾಗಾಗಿ ಆ ಹೆಸರಿನಲ್ಲೇ ಶುರು ಮಾಡುತ್ತೇನೆ. ಭಾನುವಾರ ಥಿನ್ನರ್, ಕಾಗದ, ಪೆನ್ಸಿಲ್ ಹಿಡಿದುಕೊಂಡು ಅವನ ಮನೆಗೆ ಹೋಗಬೇಕು.