ಚಿಕ್ಕಬಳ್ಳಾಪುರದಿಂದ ಗ್ವಾಲಿಯರ್‌ಗೆ: ದಾರಿ ತೋರಿಸಲು ಯಾವುದು ಸರಿ?

ನನ್ನ ಹೆಂಡತಿಗೆ ಗ್ವಾಲಿಯರ್‌ಗೆ ವರ್ಗವಾಯಿತು. ಮನೆ ಸಾಮಾನನ್ನು ಲಾರಿಗೆ ಹಾಕಿ, ನಾವು ಮೂರು ಜನ ಕಾರಿನಲ್ಲೇ ಹೋಗೋಣ ಅಂತ ನಿರ್ಧಾರ ಮಾಡಿದೆವು. ಅದು ನಮ್ಮ ಮೊದಲ ಕಾರು. ಅಷ್ಟು ದೂರ ಇಬ್ಬರೂ ಓಡಿಸಿದವರಲ್ಲ.

ಚಿಕ್ಕಬಳ್ಳಾಪುರದವರಿಗೆ ಒಂದು ಅನುಕೂಲ ಇದೆ. ನಮ್ಮೂರ ಪಕ್ಕದಲ್ಲೇ ಹಾದು ಹೋಗುವ 44ನೇ ರಾಷ್ಟ್ರೀಯ ಹೆದ್ದಾರಿ ಅನಂತಪುರ, ಕರ್ನೂಲು, ಹೈದರಾಬಾದ್, ನಾಗ್ಪುರ, ಝಾನ್ಸಿ ದಾಟಿ ಗ್ವಾಲಿಯರ್‌ವರೆಗೂ ಹೋಗುತ್ತದೆ. ಸುಮಾರು 1,700 ಕಿಲೋಮೀಟರ್. "ಒಂದೇ ರೋಡಲ್ವೇನಪ್ಪಾ, ಅದಕ್ಕೆ ಮ್ಯಾಪ್ ಯಾಕೆ?" ಅಂದರು ಅಪ್ಪ. ಹೆದ್ದಾರಿ ಮೇಲೆ ಇರುವಷ್ಟು ಹೊತ್ತು ಅವರ ಮಾತು ನಿಜ. ಊಟಕ್ಕೆ ಕೆಳಗಿಳಿದಾಗ, ರಾತ್ರಿ ಲಾಡ್ಜ್ ಹುಡುಕುವಾಗ, ರಿಂಗ್ ರೋಡಿನಲ್ಲಿ ಎಕ್ಸಿಟ್ ಹಿಡಿಯುವಾಗ ದಾರಿ ತಪ್ಪುತ್ತದೆ. ನನಗೆ ಭಯ ಇದ್ದದ್ದು ಅಲ್ಲಿ.

ದಾರಿ ತೋರಿಸುವ ಮೂರು ಬಗೆಗಳನ್ನು ಪರೀಕ್ಷೆ ಮಾಡಲು, ಹೊರಡುವ ಮೊದಲು ನಾಲ್ಕು ಭಾನುವಾರವೂ ಒಂದೇ ದಾರಿಯಲ್ಲಿ ಸುತ್ತು ಹಾಕಿದೆವು. ಪೇರೇಸಂದ್ರದಲ್ಲಿ ತಿರುಗಿ ಗುಡಿಬಂಡೆ, ಅಲ್ಲಿಂದ ಬಾಗೇಪಲ್ಲಿ, ಚಿಂತಾಮಣಿ, ಶಿಡ್ಲಘಟ್ಟ, ಮತ್ತೆ ಮನೆ. ಹೆದ್ದಾರಿ, ಹಳ್ಳಿ ರಸ್ತೆ, ಪೇಟೆ ಬೀದಿ ಮೂರೂ ಇದರಲ್ಲಿ ಸಿಗುತ್ತವೆ.

ಮೊದಲು ನೋಡಿದ್ದು ಭಾವ ಕೊಟ್ಟ ಹಳೇ ಜಿಪಿಎಸ್ ಡಿವೈಸ್. ಗಾಜಿಗೆ ಅಂಟಿಸುವಂಥದ್ದು, ಅಂಗೈ ಅಗಲದ ಪರದೆ. ಮ್ಯಾಪ್ ಒಳಗೇ ಇರುತ್ತದೆ, ಸಿಮ್ ಬೇಡ, ನೆಟ್ ಬೇಡ. ಆನ್ ಮಾಡಿ ಮನೆ ಮುಂದೆ ಕಾದೆವು. ಎಷ್ಟು ಹೊತ್ತಾದರೂ ನಾವೆಲ್ಲಿದ್ದೇವೆ ಅಂತ ಅದಕ್ಕೆ ಗೊತ್ತಾಗಲಿಲ್ಲ. ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಮೇಲಿಂದ ತಮ್ಮ ಸಮಯ ಮತ್ತು ಜಾಗವನ್ನು ಹೇಳುತ್ತಾ ಇರುತ್ತವೆ. ಕನಿಷ್ಠ ನಾಲ್ಕರ ಮಾತು ಕೇಳಿಸಿದರೆ ಡಿವೈಸ್ ನಮ್ಮ ಜಾಗ ಲೆಕ್ಕ ಹಾಕುತ್ತದೆ. ಆದರೆ ತುಂಬಾ ದಿನ ಬೀರುವಿನಲ್ಲಿದ್ದ ಡಿವೈಸ್‌ಗೆ ಯಾವ ಉಪಗ್ರಹ ಎಲ್ಲಿದೆ ಅಂತ ಹೊಸದಾಗಿ ತಿಳಿಯಬೇಕು. ಆ ಪೂರ್ತಿ ಪಟ್ಟಿಯನ್ನು ಉಪಗ್ರಹ ಒಂದು ಸಲ ಹೇಳಿ ಮುಗಿಸಲು 12.5 ನಿಮಿಷ ಬೇಕು. ಫೋನ್ ಇದೇ ವಿಷಯವನ್ನು ನೆಟ್‌ನಿಂದ ತಟ್ಟನೆ ತರಿಸಿಕೊಳ್ಳುತ್ತದೆ, ಅದಕ್ಕೇ ಅದು ಬೇಗ.

ಒಮ್ಮೆ ಹಿಡಿದ ಮೇಲೆ ಡಿವೈಸ್ ಚೆನ್ನಾಗಿ ಕೆಲಸ ಮಾಡಿತು. ಕಾಲ್ ಬಂದು ಮ್ಯಾಪ್ ಮುಚ್ಚಿಹೋಗುವ ರಗಳೆ ಇಲ್ಲ. ಬಿಸಿಲಲ್ಲೂ ಪರದೆ ಕಾಣುತ್ತದೆ. ಆದರೆ ಮ್ಯಾಪ್ ಹಳೆಯದು. ಹೊಸ ರಸ್ತೆ ಮೇಲೆ ನಾವು ಹೋಗುತ್ತಿದ್ದರೆ ಪರದೆಯಲ್ಲಿ ಕಾರು ಹೊಲದ ಮಧ್ಯೆ ಓಡುತ್ತಿತ್ತು, "ತಿರುಗಿ ಬನ್ನಿ" ಅಂತ ಕೂಗುತ್ತಿತ್ತು. ಹೊಸ ಮ್ಯಾಪ್ ಹಾಕಿಸದೆ ಇಂಥ ಡಿವೈಸ್ ಹಿಡಿದು ದೂರ ಹೊರಡಬಾರದು. ಇದನ್ನು ಖಂಡಿತವಾಗಿ ಹೇಳುತ್ತೇನೆ.

ಎರಡನೆಯದು ಫೋನಿನ ಆನ್‌ಲೈನ್ ಮ್ಯಾಪ್. ಇದರ ಬಲ ಎಲ್ಲರಿಗೂ ಗೊತ್ತು. ಎಲ್ಲಿ ಟ್ರಾಫಿಕ್, ಎಲ್ಲಿ ರೋಡ್ ಬಂದ್, ಎಷ್ಟು ಹೊತ್ತಿಗೆ ಮುಟ್ಟುತ್ತೇವೆ, ಎಲ್ಲಾ ಹೇಳುತ್ತದೆ. ಕನ್ನಡದಲ್ಲೇ ದಾರಿ ಹೇಳುವ ಹಾಗೆ ಮಾಡಿಕೊಂಡೆವು. ಗೊತ್ತಿಲ್ಲದ ಊರಲ್ಲಿ, ಲಾರಿಗಳ ನಡುವೆ, "ಎಡಕ್ಕೆ ತಿರುಗಿ" ಅಂತ ನಮ್ಮ ಭಾಷೆಯಲ್ಲಿ ಕೇಳಿದರೆ ಕೈ ತಾನಾಗಿ ತಿರುಗುತ್ತದೆ. ಇದು ನನಗೆ ತುಂಬಾ ಮುಖ್ಯ ಅನಿಸಿತು.

ತೊಂದರೆ ಎರಡು. ಗಾಜಿನ ಮೇಲೆ ಅಂಟಿಸಿದ ಫೋನ್ ಚಾರ್ಜ್ ಆಗುತ್ತಾ ಮಧ್ಯಾಹ್ನದ ಬಿಸಿಲಿಗೆ ಕಾದು, ಬಾಗೇಪಲ್ಲಿ ಹತ್ತಿರ ಪರದೆ ಮಂಕಾಯಿತು. ಎಸಿ ಗಾಳಿ ಬರುವ ಕಡೆಗೆ ಸಿಕ್ಕಿಸುವ ಹೋಲ್ಡರ್ ತಂದ ಮೇಲೆ ಸರಿಹೋಯಿತು. ಇನ್ನೊಂದು ಸಿಗ್ನಲ್. ಇದನ್ನು ನೋಡಲೆಂದೇ ಒಂದು ದಿನ ಮಂಚೇನಹಳ್ಳಿ ಮೇಲೆ ಗೌರಿಬಿದನೂರಿಗೆ ಹೋದೆವು. ನೆಟ್ ಇದ್ದಾಗ ಹಾಕಿದ ದಾರಿ, ಬೆಟ್ಟದ ಸಂದಿಯಲ್ಲಿ ಸಿಗ್ನಲ್ ಹೋದರೂ ನಡೆಯುತ್ತದೆ. ಅಲ್ಲೇ ಬೇಕಂತಲೇ ಬೇರೆ ರಸ್ತೆಗೆ ತಿರುಗಿ, ಹೊಸ ದಾರಿ ಕೇಳಿದೆ. ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇತ್ತು, ದಾರಿ ಬರಲಿಲ್ಲ.

ಮೂರನೆಯದು ಮ್ಯಾಪನ್ನು ಮೊದಲೇ ಇಳಿಸಿಕೊಂಡು ನೆಟ್ ಇಲ್ಲದೆ ಓಡುವ ಆಪ್. ಓಪನ್‌ಸ್ಟ್ರೀಟ್‌ಮ್ಯಾಪ್ ಅಂತ ಇದೆ, 2004ರಲ್ಲಿ ಶುರುವಾಗಿದ್ದು. ಜಗತ್ತಿನ ತುಂಬಾ ಜನ ತಮ್ಮ ಊರಿನ ರಸ್ತೆಗಳನ್ನು ತಾವೇ ಗುರುತು ಮಾಡಿ ಸೇರಿಸಿದ ಮ್ಯಾಪ್ ಅದು. ಅದನ್ನು ಬಳಸುವ ಒಂದು ಆಪ್ ಹಾಕಿ, ದಾರಿಯಲ್ಲಿ ಬರುವ ರಾಜ್ಯಗಳನ್ನೆಲ್ಲಾ ಮನೆಯ ವೈಫೈನಲ್ಲಿ ಇಳಿಸಿಕೊಂಡೆ. ಅದೇ ಗೌರಿಬಿದನೂರು ದಾರಿಯಲ್ಲಿ, ಸಿಮ್ ತೆಗೆದ ಹಳೇ ಫೋನಿನಲ್ಲಿ, ಕ್ಷಣದಲ್ಲಿ ಹೊಸ ದಾರಿ ಹಾಕಿಕೊಟ್ಟಿತು. ನನಗೆ ನಿಜವಾಗಿ ಖುಷಿಯಾಯಿತು. ಆದರೆ ಟ್ರಾಫಿಕ್ ಅದಕ್ಕೆ ಗೊತ್ತಿಲ್ಲ. ಅಂಗಡಿ, ಲಾಡ್ಜ್ ಹೆಸರು ಹುಡುಕಿದರೆ ಎಷ್ಟೋ ಸಿಗುವುದಿಲ್ಲ.

ಸ್ಟೀರಿಯೊ ತೆಗೆದು ದೊಡ್ಡ ಟಚ್ ಪರದೆ ಹಾಕಿಸಿ ಅಂತ ಅಂಗಡಿಯವರು ಹೇಳಿದರು. ಫೋನನ್ನು ಕಾರಿನ ಪರದೆಗೆ ಜೋಡಿಸುವ ಆಂಡ್ರಾಯ್ಡ್ ಆಟೋದಲ್ಲಿ ಕಾಣುವುದು ಫೋನಿನ ಮ್ಯಾಪೇ. ನೋಡಲು ಹಿತ, ಅಷ್ಟೇ. ಬೇಡ ಅಂದೆವು.

ಒಂದು ಸಮಸ್ಯೆ ಮಾತ್ರ ಮೂರರಲ್ಲೂ ಇತ್ತು. ಬಯಲಲ್ಲೂ ಜಿಪಿಎಸ್ ಲೆಕ್ಕ ಕೆಲವು ಮೀಟರ್ ಆಚೀಚೆ ಇರುತ್ತದೆ. ಹಾಗಾಗಿ ಫ್ಲೈಓವರ್ ಮೇಲಿದ್ದೇವೋ ಪಕ್ಕದ ಸರ್ವಿಸ್ ರೋಡಿನಲ್ಲಿದ್ದೇವೋ ಅಂತ ಅದಕ್ಕೆ ಗೊಂದಲ. ಅಂಥ ಕಡೆ ಬೋರ್ಡನ್ನೇ ನಂಬಬೇಕು.

ಕೊನೆಗೆ ಎರಡು ಫೋನ್ ಇಟ್ಟುಕೊಂಡು ಹೊರಟೆವು. ಹೋಲ್ಡರ್‌ನಲ್ಲಿ ಆನ್‌ಲೈನ್ ಮ್ಯಾಪ್, ಪಕ್ಕದ ಸೀಟಿನಲ್ಲಿ ಕೂತವರ ಕೈಯಲ್ಲಿ ಸಿಮ್ ಇಲ್ಲದ ಹಳೇ ಫೋನ್. ಓಡಿಸುವವರು ಪರದೆ ಮುಟ್ಟುವಂತಿಲ್ಲ ಅಂತ ನಾವೇ ನಿಯಮ ಮಾಡಿಕೊಂಡೆವು.

ಹೈದರಾಬಾದ್‌ನಲ್ಲಿ ಆನ್‌ಲೈನ್ ಮ್ಯಾಪೇ ಗೆದ್ದಿತು. ಶಂಷಾಬಾದ್ ಹತ್ತಿರ ಔಟರ್ ರಿಂಗ್ ರೋಡ್ ಹತ್ತಿಸಿ, ಊರೊಳಗೆ ಹೋಗದ ಹಾಗೆ ಮೇಡ್ಚಲ್ ಕಡೆ ಇಳಿಸಿತು. ಪ್ರತಿ ಎಕ್ಸಿಟ್ ಮೊದಲೇ ಹೇಳಿತು. ನಾಗ್ಪುರ ದಾಟಿ ಪೆಂಚ್ ಕಾಡಿನ ಕಡೆ ಕಥೆ ಬೇರೆ. ಅಲ್ಲಿ ಪ್ರಾಣಿಗಳು ಕೆಳಗೆ ಓಡಾಡಲೆಂದು ಹೆದ್ದಾರಿಯನ್ನೇ ಎತ್ತರಿಸಿ ಕಟ್ಟಿದ್ದಾರೆ. ಮಗಳು ಕಿಟಕಿಗೆ ಅಂಟಿಕೊಂಡೇ ಇದ್ದಳು. ಅದಕ್ಕೂ ಮೊದಲು ಒಂದು ಕಡೆ ಚಹಾಕ್ಕೆ ಇಳಿದು, ಕಾದ ಫೋನನ್ನು ಆಫ್ ಮಾಡಿದ್ದೆ. ಮತ್ತೆ ಹೊರಡುವಾಗ ನೆಟ್ ಇಲ್ಲ, ದಾರಿ ಹಾಕಲು ಆಗಲಿಲ್ಲ. ಹಳೇ ಫೋನ್ ನಮ್ಮನ್ನು ಹೆದ್ದಾರಿಗೆ ಸೇರಿಸಿ, ಸಿವನಿವರೆಗೂ ದಾರಿ ತೋರಿಸಿತು.

ಗ್ವಾಲಿಯರ್ ಮುಟ್ಟಿದಾಗ ರಾತ್ರಿ. ಹೊಸ ಮನೆಯ ಗಲ್ಲಿ ಹಳೇ ಫೋನಿನ ಹುಡುಕಾಟದಲ್ಲಿ ಇರಲೇ ಇಲ್ಲ. ಮನೆ ಮಾಲೀಕರು ವಾಟ್ಸಾಪ್‌ನಲ್ಲಿ ಲೊಕೇಶನ್ ಕಳಿಸಿದ್ದರು. ಆನ್‌ಲೈನ್ ಮ್ಯಾಪ್ ಅದನ್ನು ಹಿಡಿದು ಗೇಟಿನ ಮುಂದೆಯೇ ನಿಲ್ಲಿಸಿತು. ಅಪ್ಪನಿಗೆ ಅಲ್ಲಿಂದಲೇ ಫೋನ್ ಮಾಡಿದೆವು.