ಬೇರೆಯವರ ರೂಮ್, ನಮ್ಮ ಸ್ಟೇಟಸ್: ಮ್ಯಾರಿಯಟ್ ಒಳ್ಳೆಯದೋ, ಹಯಾಟೋ?

ಮನೆಮಂದಿ ಎಲ್ಲ ಒಟ್ಟಿಗೆ ಹೊರಟರೆ ರೂಮ್ ಬುಕ್ ಮಾಡುವುದೂ ನಾನೇ, ಬಿಲ್ ಕಟ್ಟುವುದೂ ನಾನೇ. ಹಾಗಾಗಿ ಮ್ಯಾರಿಯಟ್ ಬಾನ್‌ವಾಯ್ ಮತ್ತು ವರ್ಲ್ಡ್ ಆಫ್ ಹಯಾಟ್ ಎಂಬ ಎರಡು ಹೋಟೆಲ್ ಸದಸ್ಯತ್ವ ಯೋಜನೆಗಳನ್ನೂ ಒಂದೇ ಪ್ರಶ್ನೆ ಇಟ್ಟುಕೊಂಡು ಬಳಸಿ ನೋಡಿದೆ. ಬೇರೆಯವರ ರೂಮಿಗೆ ಕೊಟ್ಟ ದುಡ್ಡಿನಿಂದ ನನ್ನ ಸ್ಟೇಟಸ್, ಅಂದರೆ ಸದಸ್ಯತ್ವದ ಹಂತ, ಏರುತ್ತದಾ?

ಮೂಲ ನಿಯಮ ಎರಡರಲ್ಲೂ ಒಂದೇ. ನೀವು ಒಂದು ರೂಮಿನಲ್ಲಿ ತಂಗಿ, ಎಲ್ಲದರ ಬಿಲ್ ಕಟ್ಟಿದರೆ ಮೂರು ರೂಮಿನವರೆಗೆ ಪಾಯಿಂಟ್ ಬರುತ್ತದೆ. ಆದರೆ ಸ್ಟೇಟಸ್‌ಗೆ ಬೇಕಾದ ರಾತ್ರಿಗಳ ಲೆಕ್ಕ ನೀವು ಮಲಗಿದ ರೂಮಿನದ್ದು ಮಾತ್ರ.

ಮ್ಯಾರಿಯಟ್‌ನಲ್ಲಿ ಇಲ್ಲೇ ಕಟ್ಟಿಹಾಕಿದ ಹಾಗಾಗುತ್ತದೆ. ಗೋಲ್ಡ್‌ಗೆ 25 ರಾತ್ರಿ, ಪ್ಲಾಟಿನಂಗೆ 50, ಟೈಟೇನಿಯಂಗೆ 75. ಎಲ್ಲವೂ ರಾತ್ರಿಗಳ ಮೇಲೇ ನಿಂತಿದೆ. ಉಳಿದೆರಡು ರೂಮಿನಿಂದ ಪಾಯಿಂಟ್ ಜಾಸ್ತಿ ಆಗುತ್ತದೆ, ಹೆಚ್ಚಿನ ಬ್ರಾಂಡುಗಳಲ್ಲಿ ಡಾಲರಿಗೆ 10. ಮುಂದಿನ ರಜೆಗೆ ಅದು ಉಪಯೋಗಕ್ಕೆ ಬರುತ್ತದೆ, ಸರಿ. ಸ್ಟೇಟಸ್ ಮಾತ್ರ ಇದ್ದಲ್ಲೇ ಇರುತ್ತದೆ.

ಹಯಾಟ್‌ನಲ್ಲಿ ಇನ್ನೊಂದು ದಾರಿ ಇದೆ, ಅದನ್ನು ಬಹಳ ಜನ ಗಮನಿಸುವುದೇ ಇಲ್ಲ. ಅಲ್ಲಿನ ಮೇಲಿನ ಹಂತವಾದ ಗ್ಲೋಬಲಿಸ್ಟ್ ಆಗಲು 60 ರಾತ್ರಿ ಬೇಕು, ಇಲ್ಲವೇ 1,00,000 ಬೇಸ್ ಪಾಯಿಂಟ್ (ಬೋನಸ್ ಬಿಟ್ಟು, ಖರ್ಚಿಗೆ ಸಿಗುವ ಮೂಲ ಪಾಯಿಂಟ್) ಸಾಕು. ಅದರ ಕೆಳಗಿನ ಎಕ್ಸ್‌ಪ್ಲೋರಿಸ್ಟ್‌ಗೆ 30 ರಾತ್ರಿ ಅಥವಾ 50,000 ಬೇಸ್ ಪಾಯಿಂಟ್. ಡಾಲರಿಗೆ 5 ಬೇಸ್ ಪಾಯಿಂಟ್, ಅದೂ ಮೂರು ರೂಮಿನದ್ದೂ ಸೇರಿ! 200 ಡಾಲರಿನ ಮೂರು ರೂಮ್ ಹಿಡಿದರೆ ಒಂದು ರಾತ್ರಿಗೆ 3,000. ಹೀಗೆ ಹೋದರೆ 60 ರಾತ್ರಿ ಬೇಡ, 34ಕ್ಕೇ ಗ್ಲೋಬಲಿಸ್ಟ್. ಒಂದೇ ರೂಮ್ ಹಿಡಿಯುವವರಿಗೆ ಈ ದಾರಿ ದುಬಾರಿ, ಅವರು ರಾತ್ರಿ ಎಣಿಸುವುದೇ ವಾಸಿ.

ನನಗೆ ಅತಿ ಇಷ್ಟವಾದದ್ದು ಬೇರೆಯೇ. ಹಯಾಟ್‌ನಲ್ಲಿ ನಮ್ಮ ಪಾಯಿಂಟ್ ಬಳಸಿ ಬೇರೆಯವರ ಹೆಸರಿನಲ್ಲಿ ಉಚಿತ ರೂಮ್ ಬುಕ್ ಮಾಡಿದರೆ ಆ ರಾತ್ರಿಗಳು ನಮ್ಮ ಖಾತೆಗೇ ಸೇರುತ್ತವೆ. ಅಪ್ಪ ಅಮ್ಮ ಇಬ್ಬರೇ ಹೋಗಿ ಬಂದರು, ನಾನು ಮನೆಯಲ್ಲೇ ಇದ್ದೆ, ರಾತ್ರಿಗಳು ನನ್ನ ಲೆಕ್ಕಕ್ಕೆ ಬಂದವು. ದೊಡ್ಡವರನ್ನು ಕಳಿಸಿಕೊಟ್ಟ ಖುಷಿಯ ಜೊತೆಗೆ ಇದು.

ಸಭೆ, ಸಮಾರಂಭ ನಡೆಸುವವರಿಗೂ ಹಯಾಟ್ ಒಳ್ಳೆಯದು. 3, 10, 20 ಕಾರ್ಯಕ್ರಮಗಳಿಗೆ ಕ್ರಮವಾಗಿ ಮೂರು ಹಂತದ ಸ್ಟೇಟಸ್ ಇದೆ. ನಾನು ಅದನ್ನು ಬಳಸಿಲ್ಲ.

ಮ್ಯಾರಿಯಟ್‌ನ ಬಲ ಹರಡಿಕೊಂಡಿರುವುದರಲ್ಲಿದೆ. ಅವರ ಹೋಟೆಲ್‌ಗಳು 9,000ಕ್ಕೂ ಹೆಚ್ಚು, ಹಯಾಟ್‌ನವು 1,400ರ ಮೇಲೆ. ಹೋಗುವ ಊರಿನಲ್ಲಿ ಹಯಾಟೇ ಇಲ್ಲದಿದ್ದರೆ ಮೇಲಿನ ಲೆಕ್ಕವೆಲ್ಲ ಸುಮ್ನೆ. ಒಬ್ಬನೇ ಓಡಾಡುವಾಗ ಹಾಗಾಗಿ ನನಗೆ ಮ್ಯಾರಿಯಟ್ಟೇ ಅನುಕೂಲ. ಮೂರು ರೂಮಿನ ಪ್ರವಾಸಕ್ಕೆ ಮೊದಲು ಹುಡುಕುವುದು ಹಯಾಟ್.

ನೀವು ಹೋಗದೆ, ದುಡ್ಡು ಕೊಟ್ಟು ಬೇರೆಯವರಿಗೆ ಮಾಡಿಸಿದ ರೂಮಿಗೆ ಅವರದ್ದೇ ಸದಸ್ಯ ಸಂಖ್ಯೆ ಹಾಕಿಸಿ. ನೀವೇ ಚೆಕ್ಇನ್ ಮಾಡಿ ಕೀ ಅವರ ಕೈಗೆ ಕೊಟ್ಟು ಬರುವ ಉಪಾಯ ಕೆಲವರು ಹೇಳುತ್ತಾರೆ. ಅದು ನಿಯಮಕ್ಕೆ ವಿರುದ್ಧ, ನಾನಂತೂ ಮಾಡುವುದಿಲ್ಲ. ಬುಕಿಂಗ್ ಕೂಡ ಹೋಟೆಲಿನ ಸ್ವಂತ ಆ್ಯಪ್‌ನಲ್ಲೇ ಇರಲಿ, ಬೇರೆ ಬುಕಿಂಗ್ ತಾಣಗಳ ಮೂಲಕ ಹೋದರೆ ಸಾಮಾನ್ಯವಾಗಿ ಪಾಯಿಂಟೂ ಇಲ್ಲ, ರಾತ್ರಿಯೂ ಇಲ್ಲ. ಹೊರಡುವಾಗ ಮೂರೂ ರೂಮಿನ ಬಿಲ್ಲಿನಲ್ಲಿ ನಿಮ್ಮ ಸಂಖ್ಯೆ ಇದೆಯಾ ಎಂದು ಕೌಂಟರಿನಲ್ಲೇ ನೋಡಿಕೊಳ್ಳಿ, ಪಾಯಿಂಟ್ ಬರುವವರೆಗೆ ಆ ಬಿಲ್ಲುಗಳನ್ನು ಎತ್ತಿಡಿ.