ನೇಪಾಳವೋ, ಭೂತಾನೋ? ಕಲಬುರಗಿಯಿಂದ ಒಬ್ಬನೇ ಹೊರಟವನಿಗೆ

ತಮ್ಮಾ, ಕೈಯಲ್ಲಿ ದುಡ್ಡು ಕಡಿಮೆ, ಬೆನ್ನಿಗೊಂದು ಬ್ಯಾಗು, ಜೊತೆಗೆ ಯಾರೂ ಇಲ್ಲ ಅಂತೀಯ. ಹಾಗಾದರೆ ಮೊದಲು ಖರ್ಚನ್ನೇ ನೋಡೋಣ.

ಭೂತಾನಿನಲ್ಲಿ ಭಾರತೀಯರು ರಾತ್ರಿಗೆ 1,200 ರೂಪಾಯಿ ಸರ್ಕಾರಿ ಶುಲ್ಕ ಕಟ್ಟಬೇಕು. ರೂಮು, ಊಟ ಬೇರೆ. ಹತ್ತು ರಾತ್ರಿಗೆ 12,000 ಅಲ್ಲೇ ಹೋಯ್ತು. ನೇಪಾಳದಲ್ಲಿ ಈ ಹೊರೆ ಇಲ್ಲ. ನಮ್ಮ 100 ರೂಪಾಯಿಗೆ ಅಲ್ಲಿಯ 160. ಊಟಕ್ಕೆ ದಾಲ್‌ಭಾತ್ ತಗೋ. ಅನ್ನ, ಬೇಳೆ ಸಾಮಾನ್ಯವಾಗಿ ಮತ್ತೆ ಬಡಿಸುತ್ತಾರೆ. ದಿನವಿಡೀ ಗುಡ್ಡ ಹತ್ತಿದವನಿಗೆ ಆ ಬಿಸಿ ಅನ್ನವೇ ಹಬ್ಬ. ಬ್ಯಾಗಿನಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಇರಲಿ, ವಾರಗಟ್ಟಲೆ ಕೆಡುವುದಿಲ್ಲ.

ದಾರಿ ಎರಡಕ್ಕೂ ದೂರವೇ. ನೇಪಾಳಕ್ಕೆ ಗೋರಖ್‌ಪುರ ತನಕ ರೈಲು, ಮುಂದೆ ಸೋನೌಲಿ ಗಡಿಗೆ ಬಸ್ಸು. ಭೂತಾನಿಗೆ ಬಂಗಾಳದ ಹಾಸಿಮಾರಾದಲ್ಲಿ ರೈಲು ಇಳಿದು, ಭೂತಾನಿನ ಗಡಿ ಊರು ಫುಂಟ್‌ಶೋಲಿಂಗ್‌ಗೆ ಹೋಗಬೇಕು. ಪಾಸ್‌ಪೋರ್ಟ್ ಇಲ್ವಾ? ವೋಟರ್ ಐಡಿ ನಡೆಯುತ್ತೆ. ಆಧಾರ್ ಒಂದನ್ನೇ ನಂಬಿ ಹೋಗಬೇಡ.

ಒಬ್ಬನೇ ಅಲೆಯೋಕೆ ನೇಪಾಳದಲ್ಲಿ ಜಾಸ್ತಿ ಅವಕಾಶ. ಪೋಖರಾ ಊರಿಂದ ಸಾರಂಗಕೋಟ್ ಗುಡ್ಡಕ್ಕೆ ಸುಮ್ನೆ ನಡೆದೇ ಹೋಗಬಹುದು, ಮೋಡ ಸರಿದರೆ ಅನ್ನಪೂರ್ಣ ಹಿಮಶಿಖರಗಳ ಸಾಲು ಎದುರಿಗೇ. ಆದರೆ 2023ರ ನಿಯಮದಂತೆ ಹಲವು ಚಾರಣ ದಾರಿಗಳಿಗೆ ಗೈಡ್ ಬೇಕು, ಆ ಖರ್ಚು ಲೆಕ್ಕಕ್ಕೆ ಹಿಡಿ.

ಭೂತಾನಿನ ಶಾಂತಿ ಬೇರೆಯದೇ. ಕಾಡು ದಟ್ಟ, ಗದ್ದಲ ಕಡಿಮೆ. ಪಾರೋ ಹತ್ತಿರ ಬಂಡೆಗೆ ಅಂಟಿಕೊಂಡ ತಕ್ತ್‌ಸಾಂಗ್ ಮಠ ಇದೆ. ಅಲ್ಲಿಗೆ ಹತ್ತೋದು ಮರೆಯುವಂಥದ್ದಲ್ಲ.

ಮೂರು ವಾರ ಇದ್ದು ದುಡ್ಡು ಬಿಗಿಯಾಗಿದ್ದರೆ ನೇಪಾಳಕ್ಕೆ ಹೋಗು. ನಾಲ್ಕೈದು ದಿನ ಮಾತ್ರ ಸಿಕ್ಕಿ, ನೆಮ್ಮದಿ ಬೇಕಿದ್ದರೆ ಭೂತಾನ್. ಎರಡಕ್ಕೂ ಅಕ್ಟೋಬರ್, ನವೆಂಬರ್ ಒಳ್ಳೆಯ ತಿಂಗಳು. ಸ್ವೆಟರ್ ಮರೀಬೇಡ, ನಮ್ಮೂರ ಬಿಸಿಲಿಗೆ ಒಗ್ಗಿದ ಮೈಗೆ ಆ ಚಳಿ ಹೊಸದು.